ಕಾರ್ನಿಯಾ ತೆಳು ಇದೆ ಅಂದ್ರೆ ಟ್ರೀಟ್‌ಮೆಂಟ್ ಇಲ್ಲ ಅಂತಲ್ಲ

ಕೆರಟೋಕೋನಸ್ ಅನ್ನೋ ಕಣ್ಣಿನ ಕಾಯಿಲೆ ಇರೋ ಮಕ್ಕಳನ್ನ ಕರ್ಕೊಂಡು ಬರೋ ಅಪ್ಪ ಅಮ್ಮಂದ್ರ ಬಾಯಲ್ಲಿ ನಾನು ಪದೇ ಪದೇ ಕೇಳೋ ಮಾತು ಇದು: "ಕಾರ್ನಿಯಾ ತುಂಬಾ ತೆಳು ಇದೆಯಂತೆ ಡಾಕ್ಟ್ರೇ, ಕ್ರಾಸ್‌ಲಿಂಕಿಂಗ್ ಮಾಡಕ್ಕಾಗಲ್ವಂತೆ, ಇನ್ನೊಂದ್ ವರ್ಷ ಬಿಟ್ಟು ನೋಡೋಣ ಅಂದ್ರು." ಕ್ರಾಸ್‌ಲಿಂಕಿಂಗ್ ಅಂದ್ರೆ ಕಾರ್ನಿಯಾನ ಗಟ್ಟಿ ಮಾಡೋ ಚಿಕಿತ್ಸೆ. ತೆಳು ಇರೋದು ನಿಜ ಇರ್ಬೋದು. ಆದ್ರೆ ವರ್ಷ ಬಿಟ್ಟು ನೋಡೋಣ ಅನ್ನೋದನ್ನ ನಾನಂತೂ ಒಪ್ಪಲ್ಲ, ಯಾಕಂದ್ರೆ ಹದಿನೇಳು ಹದಿನೆಂಟರ ಹುಡುಗನ ಕಣ್ಣಲ್ಲಿ ಈ ಕಾಯಿಲೆ ಓಡ್ತಾ ಇರತ್ತೆ, ಕಾಯೋ ಆ ಒಂದ್ ವರ್ಷದಲ್ಲೇ ಇರೋ ಸ್ವಲ್ಪ ದಪ್ಪಾನೂ ಹೋಗ್ಬಿಡ್ಬೋದು.

ಕಾರ್ನಿಯಾ ಅಂದ್ರೆ ಕಣ್ಣಿನ ಮುಂದೆ ಗಾಜಿನ ತರ ಇರೋ ಪದರ. ನಮ್ಮಲ್ಲಿ ಸಾಮಾನ್ಯವಾಗಿ ಮಧ್ಯದಲ್ಲಿ 500ರಿಂದ 550 ಮೈಕ್ರಾನ್ ದಪ್ಪ ಇರತ್ತೆ, ಅಂದ್ರೆ ಹೆಚ್ಚೂಕಮ್ಮಿ ಅರ್ಧ ಮಿಲಿಮೀಟರು. ಅದಕ್ಕೆ ಗಟ್ಟಿ ಕೊಡೋದು ಒಳಗಿರೋ ಕಾಲಜನ್ ಎಳೆಗಳು. ಕೆರಟೋಕೋನಸ್‌ನಲ್ಲಿ ಈ ಎಳೆಗಳ ಹಿಡಿತ ಸಡಿಲ ಆಗತ್ತೆ, ಹಳೇ ನವಾರು ಮಂಚ ನಡುವೆ ಜೋತುಬೀಳತ್ತಲ್ಲ ಹಂಗೆ, ಕಣ್ಣೊಳಗಿನ ಒತ್ತಡಕ್ಕೆ ಕಾರ್ನಿಯಾ ಒಂದು ಕಡೆ ತೆಳುವಾಗಿ ಮುಂದಕ್ಕೆ ಉಬ್ಬತ್ತೆ. ಸಿಲಿಂಡರ್ ಪವರ್ ಏರ್ತಾ ಹೋಗತ್ತೆ, ಆರ್ ತಿಂಗಳಿಗೊಂದ್ ಸಲ ಕನ್ನಡಕ ಬದಲಾಯಿಸಿದ್ರೂ ಅಕ್ಷರದ ಸುತ್ತ ನೆರಳು ಕಾಣೋದು ಹೋಗಲ್ಲ.

ಇದನ್ನ ನಿಲ್ಸೋಕೆ ನಮ್ ಕೈಲಿರೋ ಮುಖ್ಯ ದಾರಿ ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಶುರುವಾಗಿದ್ದು, ರೋಗಿಗಳ ಮೇಲೆ ಮಾಡಿದ ಮೊದಲ ಫಲಿತಾಂಶಗಳು 2003ರಲ್ಲಿ ಬಂದ್ವು. ಕಾರ್ನಿಯಾದ ಮೇಲ್ಪದರ ಎಪಿಥೀಲಿಯಂ ತೆಗೆದು, ರೈಬೋಫ್ಲೇವಿನ್ ಅಂದ್ರೆ ಬಿ2 ವಿಟಮಿನ್ ಡ್ರಾಪ್ಸನ್ನ ಅರ್ಧ ಗಂಟೆ ಹಾಕಿ, ಆಮೇಲೆ ಅರ್ಧ ಗಂಟೆ ಯುವಿ ಅಂದ್ರೆ ನೇರಳಾತೀತ ಬೆಳಕು ಬಿಡೋದು. ಎಳೆಗಳ ಮಧ್ಯ ಹೊಸ ಕೊಂಡಿಗಳು ಹುಟ್ಕೊಂಡು ಕಾರ್ನಿಯಾ ಗಟ್ಟಿಯಾಗತ್ತೆ. ಒಂದ್ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಇದು ಕಾಯಿಲೆ ಮುಂದುವರಿಯೋದನ್ನ ನಿಲ್ಸೋಕೆ, ಕನ್ನಡಕ ತೆಗೆಯೋಕಲ್ಲ.

400 ಮೈಕ್ರಾನ್‌ಗಿಂತ ತೆಳು ಇದ್ರೆ ಕ್ರಾಸ್‌ಲಿಂಕಿಂಗ್ ಮಾಡಕ್ಕಾಗಲ್ಲ ಅನ್ನೋ ಗಡಿ ಎಲ್ಲಿಂದ ಬಂತು ಅಂದ್ರೆ, ಕಾರ್ನಿಯಾದ ಒಳಮೈಯಲ್ಲಿ ಎಂಡೋಥೀಲಿಯಂ ಅಂತ ಒಂದೇ ಒಂದು ಸಾಲು ಕೋಶಗಳಿವೆ, ಕಾರ್ನಿಯಾದಲ್ಲಿರೋ ನೀರನ್ನ ಆಚೆ ಪಂಪ್ ಮಾಡಿ ಅದನ್ನ ಸ್ವಚ್ಛವಾಗಿಡೋದು ಅವೇ, ಸತ್ರೆ ಮತ್ತೆ ಹುಟ್ಟಲ್ಲ. ಯುವಿ ಅಲ್ಲೀವರೆಗೂ ಜೋರಾಗಿ ತಲುಪಬಾರ್ದು. ಎಪಿಥೀಲಿಯಂ ತೆಗೆದ ಮೇಲೆ 400 ಮೈಕ್ರಾನ್ ಉಳಿದಿದ್ರೆ, ಅದ್ರಲ್ಲಿ ರೈಬೋಫ್ಲೇವಿನ್ ತುಂಬ್ಕೊಂಡಿದ್ರೆ, ಬೆಳಕಿನ ಬಹುಪಾಲು ಮೇಲೇ ಹೀರಿಕೊಳ್ಳತ್ತೆ, ಆ ಕೋಶಗಳಿಗೆ ಅಪಾಯ ಇರಲ್ಲ. ಅಂದ್ರೆ 400 ಅನ್ನೋದು ಆ ಡ್ರಾಪ್ಸಿಗೆ, ಆ ಅರ್ಧ ಗಂಟೆಯ ಯುವಿಗೆ ಹಾಕಿದ ಲೆಕ್ಕ. ಬೆಳಕಿನ ಹೊತ್ತು ಬದಲಾದ್ರೆ ಲೆಕ್ಕಾನೂ ಬದಲಾಗತ್ತೆ.

ಇನ್ನೊಂದು ಗೊಂದಲ ನಂಬರ್‌ದು. ಸ್ಕ್ಯಾನ್ ರಿಪೋರ್ಟಲ್ಲಿ 430 ಅಂತ ನೋಡಿ ಮನೆಯವ್ರು ಸಮಾಧಾನ ಮಾಡ್ಕೋತಾರೆ. ಆದ್ರೆ ಎಪಿಥೀಲಿಯಂ ಸುಮಾರು 50 ಮೈಕ್ರಾನ್ ಇರತ್ತೆ, ಅದನ್ನ ತೆಗೆದ ಕೂಡ್ಲೇ 380 ಆಯ್ತು. ಹಳೇ ಡೆಕ್ಸ್‌ಟ್ರಾನ್ ಇರೋ ಡ್ರಾಪ್ಸ್ ಹಾಕಿದ್ರೆ ಅದು ಕಾರ್ನಿಯಾದಿಂದ ನೀರು ಎಳ್ಕೊಂಡು ಇನ್ನೂ ಕಮ್ಮಿ ಮಾಡತ್ತೆ. ಅದಕ್ಕೇ ಆಪರೇಷನ್ ಥಿಯೇಟರ್‌ನಲ್ಲಿ ಕಾರ್ನಿಯಾದ ದಪ್ಪ ಅಳೆಯೋ ಪ್ಯಾಕಿಮೀಟರ್ ಪ್ರೋಬ್ ಕೈಯಲ್ಲೇ ಇಟ್ಕೊಂಡು ಮೂರ್ ಸಲ ನೋಡ್ತೀವಿ, ಮೇಲ್ಪದರ ತೆಗೆದ ಮೇಲೆ, ಡ್ರಾಪ್ಸ್ ಮುಗಿದ ಮೇಲೆ, ಯುವಿ ನಡೀವಾಗ ಮಧ್ಯದಲ್ಲಿ. ಅತಿ ತೆಳು ಜಾಗ ಬಹಳ ಸಲ ಪಾಪೆಯ ನಡುವೆ ಇರಲ್ಲ, ಸ್ವಲ್ಪ ಕೆಳಗೆ, ಕಿವಿಯ ಕಡೆಗೆ ಇರತ್ತೆ, ಅಲ್ಲೇ ಪ್ರೋಬ್ ಇಡ್ಬೇಕು, ನಡುವೆ ಇಟ್ಟು 410 ಬಂತು ಅಂತ ಖುಷಿಪಟ್ರೆ ಆಗಲ್ಲ.

ಕಮ್ಮಿ ಬಂದ್ರೆ ಏನ್ ಮಾಡೋದು? ಹಳೇ ಉಪಾಯ, ಲವಣಾಂಶ ಕಮ್ಮಿ ಇರೋ, ಡೆಕ್ಸ್‌ಟ್ರಾನ್ ಇಲ್ಲದ ರೈಬೋಫ್ಲೇವಿನ್ ಹಾಕಿ ಕಾರ್ನಿಯಾನ ಸ್ವಲ್ಪ ಊದಿಸೋದು. ಜ್ಯೂರಿಕ್‌ನ ಡಾ. ಫರ್ಹಾದ್ ಹಫೇಜಿ 2009ರಲ್ಲಿ ಇದನ್ನ ತೋರ್ಸಿದ್ರು. ಕೆಲ್ಸ ಮಾಡತ್ತೆ, ಆದ್ರೆ ಎಷ್ಟು ಊದತ್ತೆ ಅಂತ ಮೊದ್ಲೇ ಹೇಳಕ್ಕಾಗಲ್ಲ, ಜೊತೆಗೆ ಅದು ನೀರು ಕುಡಿದು ದಪ್ಪ ಆಗಿರೋದು, ಕಾಲಜನ್ ಇದ್ದಷ್ಟೇ ಇರತ್ತೆ. 350ರಿಂದ 400ರ ಮಧ್ಯ ಇರೋರಿಗೆ ಚೆನ್ನೈನ ಡಾ. ಸೂಸನ್ ಜೇಕಬ್ 2014ರಲ್ಲಿ ಹೇಳಿದ ಕಾಂಟ್ಯಾಕ್ಟ್ ಲೆನ್ಸ್ ದಾರಿ ನಂಗೆ ತುಂಬಾ ಇಷ್ಟ. ಯುವಿ ಫಿಲ್ಟರ್ ಇಲ್ಲದ ಸಾಫ್ಟ್ ಲೆನ್ಸ್‌ನ ಅರ್ಧ ಗಂಟೆ ರೈಬೋಫ್ಲೇವಿನ್‌ನಲ್ಲಿ ನೆನೆಸ್ತೀವಿ, ಅರಿಶಿನ ಬಣ್ಣಕ್ಕೆ ತಿರುಗತ್ತೆ, ಅದನ್ನ ಕಣ್ಣಿನ ಮೇಲೆ ಕೂರಿಸಿ ಅದ್ರ ಮೇಲಿಂದ ಯುವಿ ಬಿಡ್ತೀವಿ. ಲೆನ್ಸು ಮತ್ತು ಅದ್ರ ಮೇಲೆ ಕೆಳಗೆ ನಿಂತ ಡ್ರಾಪ್ಸು ಸೇರಿ ಸುಮಾರು 100 ಮೈಕ್ರಾನ್ ಆಸರೆ ಸಿಗತ್ತೆ. ಲೆನ್ಸ್‌ನಲ್ಲಿ ಯುವಿ ಫಿಲ್ಟರ್ ಇಲ್ಲ ಅಂತ ಪ್ಯಾಕೆಟ್ ನೋಡಿ ಖಚಿತ ಮಾಡ್ಕೊಳ್ಲೇಬೇಕು, ಇದ್ರೆ ಬೆಳಕು ಕಾರ್ನಿಯಾಕ್ಕೇ ತಲುಪಲ್ಲ.

ಇನ್ನೂ ತೆಳು ಇರೋರಿಗೆ ಈಗ ಸಬ್400 ಅನ್ನೋ ಪ್ರೋಟೋಕಾಲ್ ಇದೆ, ಇದೂ ಹಫೇಜಿ ತಂಡದ್ದೇ. ಇಲ್ಲಿ ಕಾರ್ನಿಯಾ ಊದಿಸೋಕೆ ಹೋಗಲ್ಲ, ಯುವಿ ತೀವ್ರತೆ ಅಷ್ಟೇ ಇಟ್ಟು, ಆ ಕಣ್ಣಿನ ದಪ್ಪಕ್ಕೆ ತಕ್ಕಂಗೆ ಬೆಳಕಿನ ಹೊತ್ತನ್ನ ಕಮ್ಮಿ ಮಾಡ್ತಾರೆ, ಒಳಮೈ ಹತ್ರ ಒಂದು ಪಟ್ಟಿ ಹಂಗೇ ಉಳಿಯತ್ತೆ. 2021ರ ವರದಿಯಲ್ಲಿ 214ರಿಂದ 398 ಮೈಕ್ರಾನ್ ಇದ್ದ 39 ಕಣ್ಣುಗಳಲ್ಲಿ ವರ್ಷದ ಕೊನೆಗೆ ಶೇ. 90ರಷ್ಟು ಸ್ಥಿರವಾಗಿದ್ವು. ಸಣ್ಣ ಸಂಖ್ಯೆನೇ, ಆದ್ರೂ 300 ಮೈಕ್ರಾನ್ ಹುಡುಗನ್ನ ಬರಿಗೈಲಿ ಕಳ್ಸೋದಕ್ಕಿಂತ ಇದು ಸಾವಿರ ಪಾಲು ಮೇಲು ಅಂತ ನನ್ ನಂಬಿಕೆ.

ಕ್ರಾಸ್‌ಲಿಂಕಿಂಗ್ ಎಲ್ರಿಗೂ ಮಾಡ್ಬೇಕು ಅಂತಲ್ಲ. ನಲವತ್ತು ದಾಟಿ ವರ್ಷಗಳಿಂದ ಸ್ಕ್ಯಾನ್ ಅಲ್ಲಾಡದೇ ಇರೋರಿಗೆ ಬೇಡ. ಕಾರ್ನಿಯಾದ ನಡುವೆ ಕಲೆ ಬಿದ್ದಿದ್ರೆ ಪ್ರಯೋಜನ ಇಲ್ಲ. ಕಾರ್ನಿಯಾದ ಉಬ್ಬು 58 ಡಯಾಪ್ಟರ್ (ಸ್ಕ್ಯಾನಲ್ಲಿ ಉಬ್ಬು ಅಳೆಯೋ ಲೆಕ್ಕ) ದಾಟಿದ್ರೆ ಕಾಯಿಲೆ ನಿಲ್ಲದೇ ಹೋಗೋ ಸಾಧ್ಯತೆ ಜಾಸ್ತಿ, ಅದನ್ನ ಮನೆಯವ್ರಿಗೆ ಮೊದ್ಲೇ ಹೇಳಿ ಮಾಡ್ಬೇಕು. ಮಾಡಿದ ಮೇಲೆ ಮೂರ್ನಾಲ್ಕು ದಿನ ನೋವು, ಉರಿ, ನೀರು ಸುರಿಯೋದು ಇದ್ದಿದ್ದೇ, ಗಾಯ ಮುಚ್ಚೋಕೆ ಬ್ಯಾಂಡೇಜ್ ಲೆನ್ಸ್ ಹಾಕಿರ್ತೀವಿ. ಆ ಹೊತ್ತಲ್ಲಿ ಲೆನ್ಸ್ ಬಿದ್ರೆ ಮನೇಲೇ ತೊಳೆದು ವಾಪಸ್ ಹಾಕ್ಬೇಡಿ, ಫೋನ್ ಮಾಡಿ ಬನ್ನಿ, ಇನ್ಫೆಕ್ಷನ್ ಆದ್ರೆ ತೆಳು ಕಾರ್ನಿಯಾ ತಡ್ಕೊಳ್ಳಲ್ಲ.

ದೃಷ್ಟಿಗೆ ಬೇರೆ ವ್ಯವಸ್ಥೆ ಬೇಕು, ಆರ್‌ಜಿಪಿ ಅಂದ್ರೆ ಗಾಳಿಯಾಡೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸು, ಅಥವಾ ಸ್ಕ್ಲೀರಲ್ ಲೆನ್ಸು. ಸ್ಕ್ಲೀರಲ್ ಲೆನ್ಸ್ ಬಿಳಿಗುಡ್ಡೆ ಮೇಲೆ ಕೂತು ಕಾರ್ನಿಯಾನ ಮುಟ್ಟದೇ ಮೇಲಿಂದ ದಾಟತ್ತೆ, ಮಧ್ಯ ಸಲೈನ್ ತುಂಬಿರತ್ತೆ, ತೆಳು ಕಣ್ಣಿಗೆ ಅದು ವರ. ಆದ್ರೆ ಚೆನ್ನಾಗಿ ಕಾಣ್ತಿದೆ ಅಂತ ಚೆಕಪ್ ಬಿಡೋರು ಇದಾರೆ. ಲೆನ್ಸ್ ಹಾಕಿದ್ರೂ ಕಾಯಿಲೆ ಒಳಗೆ ಮುಂದುವರೀತಾನೇ ಇರ್ಬೋದು.

ಕಸಿ ಮಾಡ್ಲೇಬೇಕಾದ್ರೂ ಈಗ ಪೂರ್ತಿ ಕಾರ್ನಿಯಾ ಬದಲಾಯಿಸೋದು ಬಹಳ ಸಲ ಬೇಕಾಗಲ್ಲ. ಡಾಲ್ಕ್ ಅನ್ನೋ ಸರ್ಜರಿಯಲ್ಲಿ ಮುಂದಿನ ಪದರ ಮಾತ್ರ ದಾನಿಯದ್ದು, ಒಳಗಿನ ಎಂಡೋಥೀಲಿಯಂ ರೋಗಿಯದ್ದೇ ಉಳಿಯತ್ತೆ, ಹಂಗಾಗಿ ದೇಹ ತಿರಸ್ಕರಿಸೋ ಭಯ ಕಮ್ಮಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಸಿಕ್ಕಿದ್ದು ಹೀಗೆ ಪದರ ಬಿಡಿಸಿದ್ರಿಂದ್ಲೇ, ಮುಂದಿನ ಪದರ ಇಬ್ರಿಗೆ, ಹಿಂದಿನ ಪದರ ಇನ್ನಿಬ್ರಿಗೆ.

ಇಷ್ಟೆಲ್ಲ ಮಾಡಿ ಕಣ್ಣುಜ್ಜೋದು ಬಿಡ್ಲಿಲ್ಲ ಅಂದ್ರೆ ಕಷ್ಟ. ಅಲರ್ಜಿ ಇರೋ ಮಕ್ಕಳು ಮುಷ್ಟಿ ಮಾಡಿ ಬೆರಳ ಗೆಣ್ಣಿಂದ ಗಟ್ಟಿಯಾಗಿ ಉಜ್ತಾರೆ, ನಿದ್ದೇಲೂ ಉಜ್ತಾರೆ. ಬರೀ ಗದರಿದ್ರೆ ನಿಲ್ಲಲ್ಲ, ತುರಿಕೆಗೆ ಔಷಧಿ ಕೊಡ್ಬೇಕು, ತಣ್ಣೀರಲ್ಲಿ ಅದ್ದಿದ ಬಟ್ಟೆ ಕಣ್ಣಿನ ಮೇಲಿಡಿ. ಮೆಡಿಕಲ್ ಶಾಪಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಲೆ ಹಾಕ್ಬೇಡಿ, ಗ್ಲಾಕೋಮಾ ಬರತ್ತೆ, ಪೊರೆ ಬರತ್ತೆ. ತಮ್ಮ ತಂಗಿ ಇದ್ರೆ ಅವರಿಗೂ ಒಂದ್ ಸಲ ಕಾರ್ನಿಯಾ ಸ್ಕ್ಯಾನ್ ಮಾಡ್ಸಿ, ಮತ್ತೆ ಡಾಕ್ಟ್ರ ಹತ್ರ ಹೋಗ್ವಾಗ ಹಳೇ ಸ್ಕ್ಯಾನ್ ಪ್ರಿಂಟ್‌ಗಳನ್ನ ತಪ್ಪದೇ ತಗೊಂಡ್ಹೋಗಿ, ಕಾಯಿಲೆ ಮುಂದುವರೀತಿದೆಯಾ ಇಲ್ವಾ ಅಂತ ಒಂದೇ ಸ್ಕ್ಯಾನ್ ನೋಡಿ ಯಾರಿಗೂ ಹೇಳಕ್ಕಾಗಲ್ಲ.