ಗೀರು ಬಿದ್ದ ಚೆಂಡೇ ದೂರ ಹೋಗೋದು ಯಾಕೆ?

ರೂಟ್ ಕೆನಾಲ್ ಮಾಡಿಸ್ಕೊಂಡಿದ್ದೀರಾ? ಹಲ್ಲಿನ ಬೇರೊಳಗೆ ಡೆಂಟಿಸ್ಟು ತುಂಬೋ ಆ ಸಣ್ಣ ಕಡ್ಡಿ ಇರುತ್ತಲ್ಲ, ಅದು ಗಟ್ಟಾ ಪರ್ಚಾ, ಮಲಯಾ ಕಡೆ ಬೆಳೆಯೋ ಒಂದು ಮರದ ಹಾಲಿಂದ ಮಾಡಿದ್ದು, ನಮ್ಮ ಸಪೋಟಕ್ಕೂ ಆ ಮರಕ್ಕೂ ನೆಂಟಸ್ತಿಕೆ ಇದೆ. ಗಾಲ್ಫಿನ ಅತಿ ಹಳೇ ಮೇಜರ್ (ಅಂದ್ರೆ ಅತಿ ದೊಡ್ಡ) ಟೂರ್ನಿ ದಿ ಓಪನ್ ಶುರುವಾದಾಗ ಗಾಲ್ಫ್ ಚೆಂಡು ಮಾಡ್ತಿದ್ದದ್ದೂ ಇದರಲ್ಲೇ.

ಅದಕ್ಕಿಂತ ಮುಂಚೆ ಫೆದರಿ ಅಂತ ಇತ್ತು. ಒಂದು ದೊಡ್ಡ ಟೋಪಿ ತುಂಬೋವಷ್ಟು ಗರಿ ಬೇಯಿಸಿ, ಒದ್ದೆ ಚರ್ಮದ ಚೀಲಕ್ಕೆ ತುರುಕಿ ತುರುಕಿ ಹೊಲಿಯೋದು, ಒಣಗ್ತಾ ಚರ್ಮ ಕುಗ್ಗುತ್ತೆ ಗರಿ ಹಿಗ್ಗುತ್ತೆ, ಚೆಂಡು ಕಲ್ಲಿನಂಗಾಗುತ್ತೆ. ಪಳಗಿದ ಕೈಗೂ ದಿನಕ್ಕೆ 3-4 ಆದ್ರೆ ಹೆಚ್ಚು. ಮಳೇಲಿ ನೆಂದ್ರೆ ಹೊಲಿಗೆ ಬಿಚ್ಕೊಳ್ಳೋದು ಬೇರೆ.

1848ರ ಹೊತ್ತಿಗೆ ಗಟ್ಟಾ ಪರ್ಚಾ ಬಂತು. ಬಿಸಿನೀರಲ್ಲಿ ಮೆತ್ತಗೆ ಮಾಡಿ ರಾಗಿಮುದ್ದೆ ಥರ ಉಂಡೆ ಕಟ್ಟಿ ಆರಿಸಿದ್ರೆ ಮುಗೀತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಫೆದರಿ ಮಾಡಿ ಬದುಕ್ತಿದ್ದ ಅಲನ್ ರಾಬರ್ಟ್‌ಸನ್‌ಗೆ ಹೊಟ್ಟೆ ಮೇಲೆ ಹೊಡೆದಂಗಾಯ್ತು. ಅವನ ಹತ್ರ ಕೆಲಸಕ್ಕಿದ್ದ ಟಾಮ್ ಮಾರಿಸ್ ಆ ಹೊಸ ಚೆಂಡಲ್ಲಿ ಆಡಿದ ಅಂತ ಇಬ್ಬರಿಗೂ ಜಗಳ ಆಗಿ, ಮಾರಿಸ್ ಕೊನೆಗೆ ಪ್ರೆಸ್ಟ್‌ವಿಕ್‌ಗೆ ಹೊರಟೋದ. 1860ರ ಅಕ್ಟೋಬರ್ 17ಕ್ಕೆ ಮೊದಲ ಓಪನ್ ನಡೆದಿದ್ದು ಅಲ್ಲೇ. ಆಡಿದ್ದು ಬರೀ 8 ಜನ, 12 ಹೋಲಿನ ಕೋರ್ಸು, ಒಂದೇ ದಿನ 3 ಸುತ್ತು. ಗಾಲ್ಫಲ್ಲಿ ಕಮ್ಮಿ ಹೊಡೆತಕ್ಕೆ ಮುಗಿಸಿದವನೇ ಗೆಲ್ಲೋದು. ವಿಲ್ಲಿ ಪಾರ್ಕ್ 174 ಹೊಡೆತಕ್ಕೆ ಮುಗಿಸಿದ, ಮಾರಿಸ್‌ಗೆ 176, ಪಾಪ. ಬಹುಮಾನ ದುಡ್ಡಲ್ಲ, ಒಂದು ಬೆಲ್ಟು!

ಈ ಗಟ್ಟಾ ಚೆಂಡಲ್ಲಿ ಒಂದು ವಿಚಿತ್ರ ಇತ್ತು. ಹೊಸದಾಗಿ ನುಣ್ಣಗಿದ್ದಾಗ ಸ್ವಲ್ಪ ದೂರ ಹಾರಿ ದಬಕ್ ಅಂತ ಬೀಳೋದು, ಏಟು ತಿಂದು ಗೀರುಗೀರಾದ ಮೇಲೆ ಚೆನ್ನಾಗಿ ಹಾರೋದು. ಆಟಗಾರರಿಗೆ ಕಾರಣ ಗೊತ್ತಿರಲಿಲ್ಲ, ಆದ್ರೂ ಹೊಸ ಚೆಂಡನ್ನೇ ಸುತ್ತಿಗೇಲಿ ಕುಟ್ಟಿ ಗೀರು ಹಾಕೋಕೆ ಶುರು ಮಾಡಿದ್ರು. ಇದೇ ನಂಗೆ ತುಂಬ ಇಷ್ಟ ಆಗೋ ಭಾಗ, ಥಿಯರಿ ಬರೋ ಮೊದಲೇ ಸುತ್ತಿಗೆ ಬಂತು.

ಕಾರಣ ಇಷ್ಟೆ. ಚೆಂಡು ಹಾರುವಾಗ ಮೈಗಂಟಿ ತೆಳ್ಳನೆ ಗಾಳಿ ಪದರ ಹರಿಯುತ್ತೆ. ನುಣ್ಣಗಿದ್ರೆ ಆ ಪದರ ಬೇಗ ಬಿಟ್ಕೊಂಡು, ಬೆನ್ನ ಹಿಂದೆ ಒತ್ತಡ ಕಮ್ಮಿ ಇರೋ ಅಗಲವಾದ ಜಾಗ ಆಗಿ ಚೆಂಡನ್ನ ಹಿಂದಕ್ಕೆ ಜಗ್ಗುತ್ತೆ. ಮೈ ಒರಟಾಗಿದ್ರೆ ಪದರ ಕಲಕಿ ಹೋಗಿ, ಹಿಂದಿನವರೆಗೂ ಅಂಟ್ಕೊಂಡಿರುತ್ತೆ, ಜಗ್ಗಾಟ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತೆ. ಜೊತೆಗೆ ಚೆಂಡು ಹಿಮ್ಮುಖವಾಗಿ ತಿರುಗ್ತಿರೋದ್ರಿಂದ ಗಾಳೀನ ಕೆಳಕ್ಕೆ ತಳ್ಳಿ ತಾನು ಮೇಲಕ್ಕೇಳುತ್ತೆ. ಕ್ರಿಕೆಟ್‌ನಲ್ಲಿ ಬಾಲಿನ ಒಂದೇ ಸೈಡು ಉಜ್ಜಿ ಉಜ್ಜಿ ಹೊಳಪು ಮಾಡ್ತಾರಲ್ಲ, ಅಲ್ಲೂ ಇದೇ ಗಾಳಿ ಪದರದ ಆಟ.

1902ರಲ್ಲಿ ಓಪನ್ ಇಂಗ್ಲೆಂಡಿನ ಹೊಯ್‌ಲೇಕ್‌ನಲ್ಲಿ. ಸ್ಯಾಂಡಿ ಹರ್ಡ್ ಅಮೆರಿಕದ ಹ್ಯಾಸ್ಕೆಲ್ ಚೆಂಡು ಹಿಡಿದ, ಒಳಗೆ ರಬ್ಬರ್ ದಾರ ಬಿಗಿಯಾಗಿ ಸುತ್ತಿರೋದು. ಹ್ಯಾರಿ ವಾರ್ಡನ್, ಜೇಮ್ಸ್ ಬ್ರೇಡ್ ಅಂಥ ಘಟಾನುಘಟಿಗಳನ್ನ ಒಂದೇ ಹೊಡೆತದಿಂದ ಸೋಲಿಸಿದ. ಅಷ್ಟೇ ನೋಡಿ, ಗಟ್ಟಾ ಕಾಲ ಅಲ್ಲಿಗೆ ಮುಗೀತು. ಸುತ್ತಿಗೆ ಏಟಿನ ಜಾಗಕ್ಕೆ ಲೆಸ್ಟರ್‌ನ ವಿಲಿಯಂ ಟೇಲರ್ ಲೆಕ್ಕಾಚಾರದ ಗುಳಿಗಳನ್ನ ತಂದ, ಪೇಟೆಂಟಿಗೆ ಅರ್ಜಿ ಹಾಕಿದ್ದು 1905ರಲ್ಲಿ. ಈಗಿನ ಚೆಂಡಲ್ಲಿ ಸಾಮಾನ್ಯವಾಗಿ 300ರ ಮೇಲೇ ಇರುತ್ತೆ, ಬಿಡುವಿದ್ರೆ ಎಣಿಸಿ ನೋಡಿ.