ಹೌಬಾರ್ಗ್: ಗೋಡೆ ಕೊಚ್ಚಿಹೋದರೂ ಮಾಡು ಹೇಗೆ ನಿಲ್ಲುತ್ತದೆ?

ಉತ್ತರ ಜರ್ಮನಿಯ ಐಡರ್‌ಸ್ಟೆಟ್ ಪರ್ಯಾಯದ್ವೀಪದ ಹಳೆಯ ರೈತಮನೆ ಇದು. ಪರೀಕ್ಷೆಗೆ ಇದನ್ನು ಓದುವವರಿಗೆ ಈ ಟಿಪ್ಪಣಿ. 16-17ನೇ ಶತಮಾನದಲ್ಲಿ ಡಚ್ಚರ ಕಡೆಯಿಂದ ಬಂದ ಮಾದರಿ. ಪ್ಲಾನ್ ಸುಲಭ: ನಡುವೆ ಒಣಹುಲ್ಲು ತುಂಬುವ ಚೌಕ, ಸುತ್ತ ದನದ ಕೊಟ್ಟಿಗೆ, ಒಕ್ಕುವ ಕಣ, ಮನೆಯವರ ಕೋಣೆಗಳು. ಎಲ್ಲಕ್ಕೂ ಸೇರಿ ಒಂದೇ ದೈತ್ಯ ಜೊಂಡಿನ ಮಾಡು.

ತಲೆ ತಿನ್ನುವುದು ಸೆಕ್ಷನ್, ಅಂದರೆ ಮನೆಯನ್ನು ನೆತ್ತಿಯಿಂದ ನೆಲಕ್ಕೆ ಸೀಳಿದಂತೆ ಬರೆಯುವ ಚಿತ್ರ. ಸಮುದ್ರ ಉಕ್ಕಿ ಬಂದು ಹೊರಗೋಡೆ ಕುಸಿದರೂ ಮಾಡು ನಿಲ್ಲುತ್ತಿತ್ತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ನಿಧಾನವಾಗಿ ನೋಡೋಣ.

ಚೌಕದ ಮೂಲೆಗಳಲ್ಲಿ ಎತ್ತರದ ಕಂಬಗಳು (ದೊಡ್ಡ ಮನೆಯಾದರೆ ಆರು, ಎಂಟು). ಕಂಬದ ತಲೆಗಳನ್ನು ತೊಲೆಗಳು ನಾಲ್ಕೂ ಕಡೆ ಕಟ್ಟಿಹಾಕುತ್ತವೆ. ನೆತ್ತಿಯಿಂದ ಇಳಿಯುವ ಪಕಾಸು (ಮಾಡನ್ನು ಹೊರುವ ಇಳಿಜಾರು ಮರ) ಮೊದಲು ಕೂರುವುದು ಈ ತೊಲೆಯ ಮೇಲೆ. ಆಮೇಲೆ ಅದೇ ಇಳಿಜಾರಿನಲ್ಲಿ ಗೋಡೆಯವರೆಗೆ ಹೋಗುತ್ತದೆ. ಅಂದರೆ ಗೋಡೆ ಹೊರುವುದು ಸೂರಿನ ಕಡೆಯ ಅಂಚನ್ನಷ್ಟೆ. ಅದು ಬಿದ್ದರೆ ಅಂಚು ಜೋತುಬೀಳಬಹುದು, ನಡುಭಾಗಕ್ಕೆ ಏನೂ ಆಗದು. ಪಕಾಸು ಹೊರಕ್ಕೆ ತಳ್ಳುವ ಬಲ? ಅದನ್ನು ಎದುರುಬದುರು ತೊಲೆಗಳನ್ನು ಬಿಗಿದ ಅಡ್ಡತೊಲೆ ಎಳೆದು ಹಿಡಿಯುತ್ತದೆ.

ಸರಿ, ಗೋಡೆಯಿಲ್ಲದ ಕಂಬಗಳು ಗಾಳಿಗೆ ಪಕ್ಕಕ್ಕೆ ವಾಲಬೇಕಲ್ಲ? ಕಂಬ-ತೊಲೆ ಸೇರುವ ಕಡೆ ಓರೆಯಾಗಿ ಬಡಿದ ಮರಗಳನ್ನು ನೋಡಿ. ಚೌಕಟ್ಟು ಸುಲಭವಾಗಿ ಸೊಟ್ಟಗಾಗುತ್ತದೆ, ತ್ರಿಕೋನ ಆಗುವುದಿಲ್ಲ. ಚಿತ್ರದಲ್ಲಿ ಈ ಓರೆಮರ ಬಿಟ್ಟರೆ ಉತ್ತರವೇ ಅರ್ಧ.

ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. ಹುಲ್ಲನ್ನು ನೆಲದಿಂದಲೇ ಒಟ್ಟುತ್ತಾ ಮಾಡಿನವರೆಗೆ ಏರಿಸುತ್ತಿದ್ದರು, ಮನೆಯೊಳಗೇ ಬಣವೆ ಹಾಕಿದ ಹಾಗೆ. ಆ ಭಾರ ಕಂಬಕ್ಕೆ ಬರುತ್ತಲೇ ಇರಲಿಲ್ಲ, ನೇರ ನೆಲಕ್ಕೆ. ಪಕ್ಕದ ಪ್ರದೇಶಗಳ ಸ್ಯಾಕ್ಸನ್ ಮಾದರಿಯ ರೈತಮನೆಯಲ್ಲಿ ಬೆಳೆ ಇಡುತ್ತಿದ್ದುದು ಅಟ್ಟದ ಮೇಲೆ, ಅಲ್ಲಿ ತೊಲೆಗಳೇ ಅದನ್ನೆಲ್ಲ ಹೊರಬೇಕಿತ್ತು. ಎರಡರ ಸೆಕ್ಷನ್ ಪಕ್ಕಪಕ್ಕ ಬರೆದು, ಹುಲ್ಲಿನ ಭಾರದ ಬಾಣ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಗುರುತು ಮಾಡಿ. ವ್ಯತ್ಯಾಸ ಕಂಠಪಾಠ ಮಾಡಬೇಕಿಲ್ಲ.

ಜೊಂಡಿನ ಬಗ್ಗೆ ಎರಡೇ ಮಾತು: ಇಳಿಜಾರು ಕಡಿದಾಗಿರಬೇಕು. ನೀರು ಕಡ್ಡಿಯಿಂದ ಕಡ್ಡಿಗೆ ಜಾರಿದರೆ ಮೇಲಿನ ಪದರವಷ್ಟೇ ಒದ್ದೆ.

ಉದಾಹರಣೆಗೆ ವಿಟ್ಸ್‌ವೋರ್ಟ್‌ನ ರೋಟರ್ ಹೌಬಾರ್ಗ್ ಬರೆಯಿರಿ. ಹೆಸರಲ್ಲಿ ಕೆಂಪು (ಜರ್ಮನ್ ಭಾಷೆಯಲ್ಲಿ ‘ರೋಟರ್’ ಅಂದರೆ ಕೆಂಪು), ಗೋಡೆ ಬಿಳಿ. ಸೈತಾನ ಒಂದೇ ರಾತ್ರಿಯಲ್ಲಿ ಕಟ್ಟಿದ, ಕೋಳಿ ಕೂಗಿದ್ದರಿಂದ ಕಿಟಕಿ 99ಕ್ಕೇ ನಿಂತಿತು ಎಂಬ ಕತೆಗೆ ಅಂಕ ಸಿಗುವುದಿಲ್ಲ.