ಪಲ್ಲವಿ ಮರಳುವ ಹೊತ್ತಿಗೆ ಕ್ಯಾಮೆರಾ ಸಿದ್ಧವಿರಲಿ

ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ನಮ್ಮಂಥ ವೃತ್ತಿಪರ ಛಾಯಾಗ್ರಾಹಕರಿಗೆ ಸಿಗುವುದು ಸಾಮಾನ್ಯವಾಗಿ ಮೊದಲ ಮೂರು ಹಾಡುಗಳಷ್ಟೇ. ವೇದಿಕೆಗೂ ಪ್ರೇಕ್ಷಕರ ತಡೆಬೇಲಿಗೂ ನಡುವಿನ ಕಿರಿದಾದ ಜಾಗದಲ್ಲಿ ನಿಂತು, ಫ್ಲ್ಯಾಶ್ ಬಳಸದೆ, ಅಷ್ಟರಲ್ಲೇ ಕೆಲಸ ಮುಗಿಸಬೇಕು. ಹೊಸಬರು ಮೊದಲ ಸ್ವರ ಕೇಳಿದ್ದೇ ತಡ, ಒಂದೇ ಸಮನೆ ಕ್ಲಿಕ್ಕಿಸತೊಡಗುತ್ತಾರೆ. ನಾನು ಮೊದಲ ಹಾಡಿನ ಅರ್ಧದವರೆಗೂ ಹೆಚ್ಚಾಗಿ ನೋಡುತ್ತೇನೆ, ಕೇಳುತ್ತೇನೆ.

ವೇದಿಕೆಯ ಬೆಳಕು ಹಾಡಿನೊಂದಿಗೇ ಹೆಣೆದುಕೊಂಡಿರುತ್ತದೆ. ಪಲ್ಲವಿಗೆ ಒಂದು ಬಣ್ಣ, ಚರಣಕ್ಕೆ ಇನ್ನೊಂದು ಎಂದು ಬೆಳಕಿನ ನಿರ್ವಾಹಕರು ಮೊದಲೇ ಹೊಂದಿಸಿಟ್ಟುಕೊಳ್ಳುವುದು ವಾಡಿಕೆ. ಪಲ್ಲವಿಯಲ್ಲಿ ಗಾಯಕಿಯ ಬೆನ್ನ ಹಿಂದಿನಿಂದ ಬಿಳಿ ಬೆಳಕು ಒಮ್ಮೆ ಚಿಮ್ಮಿತೆಂದರೆ, ಪಲ್ಲವಿ ಮರಳಿದಾಗಲೂ ಅದು ಚಿಮ್ಮುವ ಸಂಭವ ಹೆಚ್ಚು. ಆ ಹೊತ್ತಿಗೆ ನಾನು ಜಾಗ ಬದಲಿಸಿ, ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಹೊಂದಿಸಿಕೊಂಡು ಕಾಯುತ್ತಿರುತ್ತೇನೆ.

ನನ್ನನ್ನು ಅತಿ ಹೆಚ್ಚು ಕಾಡಿರುವುದು ಎಲ್‌ಇಡಿ ದೀಪಗಳ ಕಡುಗೆಂಪು. ಬಹುತೇಕ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಒಂದು ನೀಲಿಗೆ, ಕೆಂಪಿಗೆ ಒಂದೇ ಒಂದು. ಅಪ್ಪಟ ಕೆಂಪು ಬೆಳಕಿನಲ್ಲಿ ಮುಖದ ವಿವರವೆಲ್ಲ ಬಹುಪಾಲು ಆ ಕಾಲುಭಾಗದಿಂದಲೇ ಬರಬೇಕು. ಹೊಳಪಿನ ಹಿಸ್ಟೋಗ್ರಾಂ (ಚಿತ್ರದಲ್ಲಿ ಬೆಳಕು ಹಂಚಿಕೆಯಾದ ಬಗೆಯನ್ನು ಕ್ಯಾಮೆರಾ ತೋರಿಸುವ ನಕ್ಷೆ) ಹಸಿರಿಗೆ ಹೆಚ್ಚು ತೂಕ ಕೊಡುವುದರಿಂದ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಅಷ್ಟರಲ್ಲಿ ಕೆಂಪು ಮಿತಿಮೀರಿ, ಕೆನ್ನೆಗೂ ಮೂಗಿಗೂ ವ್ಯತ್ಯಾಸ ಉಳಿಯದೆ ಮುಖ ಬಣ್ಣದ ಮುದ್ದೆಯಾಗಿರುತ್ತದೆ. ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ನೋಡಿ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ತಗ್ಗಿಸಿ. ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲೇ ತೆಗೆಯಿರಿ. ಆಮೇಲೆ ಕಪ್ಪು-ಬಿಳುಪು ಮಾಡಿಕೊಂಡರಾಯಿತು ಎಂಬ ಧೈರ್ಯ ಬೇಡ. ಅಳಿಸಿಹೋದ ವಿವರ ಅಲ್ಲಿಯೂ ಮರಳುವುದಿಲ್ಲ. ಸಾಧ್ಯವಾದರೆ ಕೆಂಪು ಚರಣವನ್ನು ಬಿಟ್ಟುಕೊಟ್ಟು ಬಿಳಿಯ ಪಲ್ಲವಿಗೆ ಕಾಯಿರಿ.

ಅಂಕಿಗಳನ್ನು ಬೇಗ ಹೇಳಿಬಿಡುತ್ತೇನೆ. 70–200 ಮಿ.ಮೀ. ಲೆನ್ಸ್, ಬೆಳಕು ಒಳಬರುವ ಲೆನ್ಸಿನ ಕಿಂಡಿ ಎಫ್/2.8, ಶಟರ್ ವೇಗ 1/250 ಸೆಕೆಂಡ್, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒ 3200ರಿಂದ 6400. ವಾದಕರು ಜಿಗಿಯುವವರಾದರೆ 1/500. ಐಎಸ್‌ಒ ಏರಿದ್ದರಿಂದ ಚಿತ್ರದಲ್ಲಿ ಕಾಳುಕಾಳು ಕಂಡರೆ ಹೆದರಬೇಕಿಲ್ಲ. ಕ್ಷಣ ಸಿಕ್ಕಿದ್ದರೆ ಇಂಥ ಕೊರತೆಗಳು ಚಿತ್ರವನ್ನು ಕೆಡಿಸುವುದಿಲ್ಲ. 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರಿಟನ್ನಿನ ಪಂಕ್ ರಾಕ್ ತಂಡ ದಿ ಕ್ಲ್ಯಾಶ್‌ನ ಪಾಲ್ ಸಿಮೊನನ್ ತಮ್ಮ ಬಾಸ್ ಗಿಟಾರನ್ನು ವೇದಿಕೆಗೆ ಅಪ್ಪಳಿಸಿದ ಕ್ಷಣವನ್ನು ಸೆರೆಹಿಡಿದ ಛಾಯಾಗ್ರಾಹಕಿ ಪೆನ್ನಿ ಸ್ಮಿತ್ ಅವರಿಗೇ ಆ ಚಿತ್ರ ಫೋಕಸ್ ತಪ್ಪಿದೆ ಎನಿಸಿತ್ತು. ತಂಡ ಅದನ್ನೇ ತನ್ನ ‘ಲಂಡನ್ ಕಾಲಿಂಗ್’ ಆಲ್ಬಮ್‌ನ ಮುಖಪುಟಕ್ಕೆ ಆರಿಸಿಕೊಂಡಿತು.

ಇನ್ನು ಹಾಡುವವರ ಮುಖ. ಸ್ವರ ಏರುವಾಗ ಮೈಕ್ ಬಾಯಿಯನ್ನು ಮುಚ್ಚಿರುತ್ತದೆ. ಸಾಲು ಮುಗಿಸಿ, ಮೈಕಿನಿಂದ ಒಂದಿಷ್ಟು ಹಿಂದೆ ಸರಿದು ಉಸಿರೆಳೆದುಕೊಳ್ಳುವ ಅರೆಕ್ಷಣದಲ್ಲಿ ಹಾಡಿನ ಭಾವ ಮುಖದ ಮೇಲೆ ಇನ್ನೂ ಆರಿರುವುದಿಲ್ಲ. ನನಗೆ ಬೇಕಾದದ್ದು ಅದು. ಸಾಲು ಎಲ್ಲಿ ಮುಗಿಯುತ್ತದೆಂದು ತಿಳಿಯಲು ಹಿಂದಿನ ರಾತ್ರಿ ಅವರ ಹಾಡುಗಳನ್ನು ಕೇಳಿಕೊಂಡು ಹೋಗುತ್ತೇನೆ.

ಮೆಲುದನಿಯ ವಾದ್ಯಗೋಷ್ಠಿಯಲ್ಲಿ ಶಟರಿನ ಸದ್ದೇ ಅಪಚಾರ. ಎಲೆಕ್ಟ್ರಾನಿಕ್ ಶಟರ್ ನಿಶ್ಶಬ್ದವಾಗಿದ್ದರೂ ಅದು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಎಲ್‌ಇಡಿಯ ಮಿಣುಕು ಅಡ್ಡಪಟ್ಟಿಗಳಾಗಿ ಮೂಡಬಹುದು. ಆಗ ಯಾಂತ್ರಿಕ ಶಟರಿಗೆ ಮರಳಿ, ವಾದ್ಯಗಳೆಲ್ಲ ಒಟ್ಟಾಗಿ ಮೊಳಗುವವರೆಗೆ ತಡೆದು ಒತ್ತುತ್ತೇನೆ.

ಇಷ್ಟೆಲ್ಲ ಕಿವಿಯನ್ನೇ ನಂಬಿದ ಕೆಲಸವಾದ್ದರಿಂದ ಚೀಲದಲ್ಲಿ ಇಯರ್‌ಪ್ಲಗ್ ಇರಲೇಬೇಕು. ನಾವು ನಿಲ್ಲುವುದು ಸ್ಪೀಕರ್‌ಗಳ ಎದುರಿಗೆ. ಸಂಗೀತಗಾರರು ಬಳಸುವ ಬಗೆಯ ಪ್ಲಗ್‌ಗಳು ಸ್ವರವನ್ನು ಹೆಚ್ಚು ಕೆಡಿಸದೆ ಅಬ್ಬರವನ್ನು ತಗ್ಗಿಸುತ್ತವೆ. ಪಲ್ಲವಿ ಬರುವುದು ಆಗಲೂ ಸ್ಪಷ್ಟವಾಗಿ ಕೇಳಿಸುತ್ತದೆ.